ಎರಡು ಸಾಲು ಕಬ್ಬು

“ಸತ್ತಾಂವ ಸತ್ತಾನ. ಅವಗೇನ್ ಗಡಿಬಿಡಿ ಐತೇನಲೇ ಕೇದಾರ್ಯಾ?”

ಹೀಗೆ ಕೇಳಿದ ಬಸವಲಿಂಗ ಸಾವಕಾರರ ಬಾಯಲ್ಲಿ ಎಲೆಯಡಿಕೆ, ಹೆಗಲ ಮೇಲೆ ಹೊಸ ಹಸಿರು ಶಾಲು. ನಾನು ಅವರ ಅಂಗಳದ ಹೊರಗೆ ನಿಂತಿದ್ದೆ. ನಸುಕಿನಲ್ಲಿ ನಮ್ಮ ಕರೆಪ್ಪ ಕಾಕಾ ತೀರಿಕೊಂಡಿದ್ದ. ಹೊತ್ತು ಮುಳುಗುವುದರೊಳಗೆ ಅವನಿಗೆ ಮಣ್ಣು ಕೊಡಬೇಕಿತ್ತು. ನಮ್ಮ ಸುಡುಗಾಡಿಗೆ ಹೋಗುವ ಹಾದಿಯನ್ನು ಸಾವಕಾರರು ಯಾವತ್ತೋ ಉತ್ತು ಕಬ್ಬು ಹಚ್ಚಿದ್ದರು.

ಕಬ್ಬು ನಿಂತಾಗ ಸಾಯಬಾರದು ಎಂಬುದು ನಮ್ಮ ಕೇರಿಯ ಕಾನೂನು. ಆದಷ್ಟು ಎಲ್ಲರೂ ಪಾಲಿಸುತ್ತೇವೆ. ಹಿಂದೊಮ್ಮೆ ಒಬ್ಬ ಮುದುಕಿ ತಡೆಯಲಾರದೆ ಸತ್ತಾಗ, ಎದೆಮಟ್ಟದ ಕಾಲುವೆ ನೀರಿನಲ್ಲಿ ಹೆಣ ಹೊತ್ತಿದ್ದೆವು. ಈಗ ಕಾಲುವೆ ದಂಡೆ ಮುಟ್ಟಿ ಹರಿಯುತ್ತಿತ್ತು.

“ಎರಡ ಸಾಲ ಕಡದ್ರ ಸಾಕ್ರಿ ಸಾವ್ಕಾರ್ರ. ಚಟ್ಟ ಹೋಗೂವಷ್ಟ. ನಾವ ಕಡಕೋತೇವಿ, ಪಗಾರ ಬ್ಯಾಡ.”

“ಮತ್ತ ಅದನ್ನ ಅಂತಾನ ಭಾಡ್ಯಾ. ಹೋರಾಟ ನಡದೈತಿ, ಕಣ್ಣ ಕಾಣೂದಿಲ್ಲೇನ? ಕಾರ್ಖಾನಿಯವ್ರು ದರ ಹೇಳೂತನಕ ಒಂದ ಕಬ್ಬಿಗೂ ಕೊಯ್ತಾ ಹಚ್ಚೂಹಂಗಿಲ್ಲ. ನನ್ನ ಹೊಲದಾಗ ಕಡದ್ರ ನಾಳೆ ಮಂದಿ ನನ್ನ ಮಾರಿಗೆ ಉಗುಳ್ತಾರ. ನಿಮ್ಮ ಕರೆಪ್ಪನ ಸಲುವಾಗಿ ರೈತರಿಗೆ ದ್ರೋಹ ಮಾಡ್ಲೇನ?”

ರೈತರಿಗೆ ದ್ರೋಹ ಮಾಡಿಸಲು ಬಂದ ನಾನು ತಲೆ ತಗ್ಗಿಸಿ ವಾಪಸಾದೆ.

ಹೋರಾಟವೆಂದರೆ ನಮಗೂ ಗೊತ್ತು. ಕ್ರಾಸಿನಲ್ಲಿ ಪೆಂಡಾಲ್ ಬಿದ್ದ ದಿನದಿಂದ ನಾವೂ ಅಲ್ಲೇ ಇದ್ದೆವು. ಕಬ್ಬು ಕಡಿಯುವ ಗ್ಯಾಂಗಿನವರು ನಾವು. ಕಡಿಯುವುದು ನಿಂತರೆ ಕೂಲಿ ನಿಂತಂತೆ, ಮತ್ತೇನು ಕೆಲಸ? ಪೊಲೀಸರು ಬಂದಾಗ ನಮ್ಮನ್ನು ಪ್ರೀತಿಯಿಂದ ಮುಂದಕ್ಕೆ ಕೂರಿಸುತ್ತಿದ್ದರು. ಟಿವಿಯವರು ಬಂದಾಗ ಬಿಸಿಲು ಹತ್ತೀತೆಂದು ಹಿಂದಕ್ಕೆ ಕಳಿಸುತ್ತಿದ್ದರು. ಊರೂರಿನಿಂದ ರೊಟ್ಟಿ ಬಂದವು. ನಮ್ಮ ಕೇರಿಯಿಂದಲೂ ಒಂದು ಬುಟ್ಟಿ ಹೋಯಿತು. ಅದನ್ನು ಯಾರೂ ಮುಟ್ಟದಂತೆ ಜೋಪಾನವಾಗಿ ಬೇರೆ ಇಟ್ಟು, ಸಂಜೆ ನಮಗೇ ಬಡಿಸಿದರು. ಅದೇ ಪೆಂಡಾಲಿನ ಮೈಕಿನಲ್ಲಿ ಸಾವಕಾರರು, ರೈತ ಮತ್ತು ಕೂಲಿಕಾರ ಒಂದೇ ತಾಯಿಯ ಮಕ್ಕಳು ಎನ್ನುತ್ತಿದ್ದರು.

ನಾನು ಕೇರಿಗೆ ಬರುವಷ್ಟರಲ್ಲಿ ಕಾಕಾನ ಮಗಳು ದೀಪಾ ಬಂದಿದ್ದಳು. ಹುಕ್ಕೇರಿಯಿಂದ ಹತ್ತಿದ ಬಸ್ಸು ರಸ್ತೆ ಬಂದ್ ಎಂದು ಅರಭಾವಿಯಲ್ಲೇ ನಿಂತಿತ್ತಂತೆ. ಅಲ್ಲಿಂದ ನಡೆದೇ ಬಂದಿದ್ದಳು. ತನ್ನವ್ವ ಸೀತವ್ವ ಚಿಗವ್ವನ ಕೊರಳಿಗೆ ಬಿದ್ದು ಅಳುತ್ತಿದ್ದಳು.

ಸಾವಕಾರರ ಕಡೆಯ ಶ್ರೀಶೈಲ ಬೈಕಿನ ಮೇಲೆ ಬಂದ. ಅಳುವ ಮನೆಯ ಮುಂದೆಯೂ ಬೈಕು ಬಂದ್ ಮಾಡಲಿಲ್ಲ.

“ಏ ಕೇದಾರಿ, ಮಧ್ಯಾಹ್ನ ಕಾರ್ಖಾನಿ ಮಾಲಕರ ಅಣಕು ಶವಯಾತ್ರೆ ಐತಿ. ಹಲಗಿ ತಗೊಂಡ ಹನಮಪ್ಪನ ಗುಡಿ ಮುಂದ ಬಾ. ಟಿವಿಯವ್ರು ಬರಾಕತ್ತಾರ. ಹಲಗಿ ಇಲ್ಲಂದ್ರ ಹೆಣ ಹೆಣ ಅನಸೂದಿಲ್ಲ.”

ನನಗೆ ಮೈ ಉರಿಯಿತು. ಬುದ್ಧನಿಗೆ ಶರಣು ಹೋದ ದಿನವೇ ನಮ್ಮ ಕೇರಿಯವರು ಊರಿನವರ ಹೆಣಕ್ಕೆ ಹಲಗಿ ಬಾರಿಸುವುದನ್ನು ಬಿಟ್ಟಿದ್ದರು. ಮೊದಲು ಬಿಟ್ಟವನು ಇದೇ ಕಾಕಾ.

“ಅದನ್ನ ಬಿಟ್ಟೇವಿ. ನಮ್ಮ ಮನ್ಯಾಗ ಖರೇ ಹೆಣ ಐತಿ, ಕಾಣೂದಿಲ್ಲೇನ ನಿನಗ?”

“ನಿಮ್ಮದ ನಾಳೆ ಒಯ್ರಿ. ಟಿವಿಯವ್ರು ನಾಳೆ ಬರೂದಿಲ್ಲ.”

ಹೆಣದ ಪಕ್ಕದಿಂದ ಸೀತವ್ವ ಚಿಗವ್ವನ ದನಿ ಬಂತು. “ಬರತಾನ ಅಂತ ಹೇಳಪಾ ನಿಮ್ಮ ಸಾವ್ಕಾರಗ.”

ಶ್ರೀಶೈಲ ಹೋದ. ಗಂಡನನ್ನು ಕಳೆದುಕೊಂಡು ಇವಳಿಗೆ ತಲೆ ತಿರುಗಿದೆ ಎಂದುಕೊಂಡೆ. ಆಕೆ ಗೂಟದ ಮೇಲಿನ ಹಲಗಿ ಇಳಿಸಿ, ಧೂಳು ಒರೆಸಿ, ಒಲೆಯ ಉರಿಗೆ ಹಿಡಿದು ಕಾಯಿಸತೊಡಗಿದಳು.

“ಹಲಗಿ ಮುಂದ ಹೋಗತೈತಿ, ಹೆಣ ಹಿಂದ ಬರತೈತಿ,” ಎಂದಳು. “ಯಾವ ಹೆಣ ಅಂತ ಅವ್ರ ಹೇಳ್ಯಾರೇನ?”

ಗುಡಿಯ ಮುಂದೆ ಮಾಲಕರು ಹೊಸ ಧೋತರ ಉಟ್ಟು, ಚೆಂಡುಹೂವಿನ ಮಾಲೆ ಹಾಕಿಕೊಂಡು ಹಸಿ ಬಿದಿರಿನ ಚಟ್ಟದ ಮೇಲೆ ಮಲಗಿದ್ದರು. ಒಳಗೆ ಬರೀ ಹುಲ್ಲು. ಊದುಬತ್ತಿ ಘಮಘಮಿಸುತ್ತಿತ್ತು. ನಮ್ಮ ಕಾಕಾನಿಗೆ ಹೊದಿಸಿದ್ದು ಒಂದು ಹಳೇ ಕೌದಿ. ಹುಲ್ಲಿಗೂ ಕುಲ ಇರುತ್ತದೆ ನೋಡಿ. ಚಟ್ಟಕ್ಕೆ ಹೆಗಲು ಕೊಡಲು ನಮ್ಮ ಹುಡುಗನೊಬ್ಬ ಮುಂದಾದರೆ, “ನೀವ್ ಹಲಗಿ ನೋಡ್ಕೋರಿ,” ಎಂದು ಸರಿಸಿದರು.

ನಾನು ಬಾರಿಸುತ್ತ ಮುಂದೆ ನಡೆದೆ. ಹಿಂದೆ ಸಾವಿರ ಮಂದಿ, ಧಿಕ್ಕಾರ, ಶಿಳ್ಳೆ. ನಮ್ಮ ಕೇರಿಯ ಮುಂದೆ ಬಂದಾಗ ಕಾಕಾನ ಚಟ್ಟ ಬಂದು ನನಗೂ ಹುಲ್ಲಿನ ಹೆಣಕ್ಕೂ ನಡುವೆ ಸೇರಿಕೊಂಡಿತು. ಒಂದು ಹೆಗಲು ದೀಪಾಳದು. ಅದೂ ಅಣಕು ಹೆಣವೇ ಎಂದು ತಿಳಿದು ಟಿವಿಯವರು ಹತ್ತಿರ ಬಂದು ತೆಗೆದರು. ಬಹಳ ಚಲೋ ಮಾಡೀರಿ ಎಂದು ಒಬ್ಬ ಹೊಗಳಿದ ಕೂಡ.

ಸಾವಕಾರರ ಹೊಲದ ಬದುವಿಗೆ ಬಂದು ನಾನು ನಿಂತೆ. ಹಲಗಿ ನಿಂತಲ್ಲಿ ಹೆಣ ನಿಲ್ಲಬೇಕು, ಅದು ಪದ್ಧತಿ. ಇಡೀ ಹೋರಾಟ ನಿಂತಿತು. ಚಿಗವ್ವ ಸೀರೆಯ ಕಚ್ಚೆ ಬಿಗಿದು ಹೊಲಕ್ಕಿಳಿದು ಕೊಯ್ತಾ ಬೀಸಿದಳು. ಗ್ಯಾಂಗಿನ ಹೆಂಗಸರು ಅವಳ ಹಿಂದೆ ಬಗ್ಗಿದರು.

“ಏ ಸೂಳಿಮಕ್ಕಳ್ಯಾ, ಯಾರಪ್ಪನ ಕಬ್ಬಲೇ ಅದು—”

ಓಡಿ ಬಂದ ಸಾವಕಾರರ ಬಾಯಿಗೆ ಟಿವಿಯವರ ಮೈಕು ಬಂತು. ಕೂಲಿಕಾರರೂ ನಿಮ್ಮ ಜೊತೆಗಿದ್ದಾರೆ, ಏನು ಹೇಳುತ್ತೀರಿ ಎಂದು ಕೇಳಿದರು. ಸಾವಕಾರರು ಉಗುಳು ನುಂಗಿ ಕೈ ಮುಗಿದರು. “ನಾವೆಲ್ಲ ಒಂದೇ ತಾಯಿಯ ಮಕ್ಕಳು.” ಆಮೇಲೆ ತಮ್ಮವರಿಗೆ ಕಣ್ಸನ್ನೆ ಮಾಡಿದರು. ಹುಲ್ಲಿನ ಹೆಣ ಹಲಗಿ ಇಲ್ಲದೆ ಕ್ರಾಸಿನ ಕಡೆ ನೆಟ್ಟಗೆ ನಡೆಯಿತು. ಮೈಕೂ, ಸಾವಿರ ಮಂದಿಯೂ ಅದರ ಹಿಂದೆ ಹೋದರು. ನಮ್ಮ ಜೊತೆ ನಮ್ಮವರೇ ಉಳಿದರು.

ಕಾಕಾನಿಗೆ ಮಣ್ಣು ಕೊಟ್ಟು ಬುದ್ಧವಂದನೆ ಹೇಳಿ ಹೊರಳುವಾಗ ಇನ್ನೂ ಬಿಸಿಲಿತ್ತು. ನನಗೆ ಅಳುವೂ ಬಂತು, ಹಗುರವೂ ಆಯಿತು. ನಾವು ಕಡಿದ ಹಾದಿಯ ಆ ತುದಿಯಲ್ಲಿ ಪೊಲೀಸ್ ಜೀಪು ನಿಂತಿತ್ತು. ಲಾಠಿ ಹಿಡಿದ ಪೊಲೀಸರ ಪಕ್ಕದಲ್ಲಿ ಹಸಿರು ಶಾಲಿನವರು ಬಡಿಗೆ ಹಿಡಿದು ನಿಂತಿದ್ದರು. ಹೋರಾಟ ಶುರುವಾದಾಗಿನಿಂದ ಆ ಎರಡೂ ಗುಂಪು ಒಂದೇ ಕಡೆ ನಿಂತದ್ದು ಅದೇ ಮೊದಲು.

“ಕೊಯ್ತಾ ಕೆಳಗ ಒಗೀರಿ,” ಎಂದು ಸಾಹೇಬ ಕೂಗಿದ. “ಕಬ್ಬ ಕದ್ದೀರಿ ಅಂತ ಕೇಸ್ ಐತಿ.”

ಚಿಗವ್ವ ನಿಂತಳು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾದಿಯನ್ನು ನೋಡಿದಳು.

“ಸಣ್ಣದಾತಿದು, ಕೇದಾರಿ. ನಾ ಸತ್ತಾಗ ಎರಡೂ ಬಾಜೂ ಹೆಗಲ ಕೊಡಾವ್ರಿಗೆ ಜಾಗಾ ಸಾಲೂದಿಲ್ಲ.”

ಬಗ್ಗಿ ಮೂರನೆಯ ಸಾಲಿಗೆ ಕೊಯ್ತಾ ಹಾಕಿದಳು. ನಾವೂ ಬಗ್ಗಿದೆವು. ಕಡಿಯುತ್ತ ಕಡಿಯುತ್ತ ಅವರ ಕಡೆಗೇ ನಡೆದೆವು.