ಕೂಲರ್ ಬೆವರಿದ ವಾರ

ಮೆಕ್ಯಾನಿಕ್ ಹಳೆಯ ರಸೀದಿಯೊಂದನ್ನು ಕೂಲರಿನ ಬಾಗಿಲ ಸಂದಿಗೆ ಇಟ್ಟು ಮುಚ್ಚಿ, ಮೆಲ್ಲಗೆ ಎಳೆದ. ಬರಲಿಲ್ಲ. ಕೆಳಗಿನ ಮೂಲೆಯಲ್ಲಿ ಇಟ್ಟು ಎಳೆದ. ಅಲ್ಲೂ ಬರಲಿಲ್ಲ.

"ರಬ್ಬರ್ ಗಟ್ಟಿಯಾಗೇ ಹಿಡೀತಿದೆ ಸಾರ್," ಎಂದ. "ಗಾಳಿ ಒಳಗೆ ನುಗ್ಗೋ ಹಾಗಿದ್ರೆ ಕಾಗದ ಸಲೀಸಾಗಿ ಬಂದ್ಬಿಡಬೇಕಿತ್ತು."

"ಹಾಗಾದ್ರೆ ಈ ನೀರು ಎಲ್ಲಿಂದ ಬರುತ್ತೆ? ಆಕಾಶದಿಂದಲಾ?" ಎಂದ ಮನೆಯ ಯಜಮಾನ.

ಗಾಜಿನ ಬಾಗಿಲಿನ, ಸೊಂಟದೆತ್ತರದ, ಬರೀ ಬಾಟಲಿಗಳಿಗೆಂದೇ ಮಾಡಿದ ಆ ಕೂಲರ್ ಹಾಲ್‌ನ ಕಿಟಕಿಯ ಪಕ್ಕದಲ್ಲಿ ನಿಂತು ಬೆವರುತ್ತಿತ್ತು. ಸೋಡಾ, ಬಿಯರು, ಹಣ್ಣಿನ ರಸದ ಬಾಟಲಿಗಳ ಮೇಲಿನ ಚೀಟಿಗಳು ನೆನೆದು ಜಾರಿದ್ದವು. ರಬ್ಬರಿನ ಮಡಿಕೆಯಲ್ಲಿ ಕಪ್ಪು ಬೂಷ್ಟು ಕೂತಿತ್ತು. ಬೆಳಗ್ಗೆ ತಣ್ಣಗಿರುತ್ತಿದ್ದ ಬಾಟಲಿ ಸಂಜೆ ಯಜಮಾನ ಬಂದು ಬಾಯಿಗಿಡುವ ಹೊತ್ತಿಗೆ ತಂಪು ಕಳೆದುಕೊಂಡಿರುತ್ತಿತ್ತು. ಇದು ಮೂರನೆಯ ರಿಪೇರಿ. ಮೊದಲ ಸಲ ಮೆಕ್ಯಾನಿಕ್ ಅದನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದು, ಅದರ ಕಾಲುಗಳ ಸ್ಕ್ರೂ ತಿರುಗಿಸಿ ಮಟ್ಟ ಮಾಡಿದ್ದ. ಎರಡನೆಯ ಸಲ ಬಾಗಿಲಿಗೆ ಹೊಸ ರಬ್ಬರ್ ಹಾಕಿ, ತಳದಲ್ಲಿ ನೀರು ಹೋಗುವ ತೂತಿಗೆ ತಂತಿ ತೂರಿಸಿ ಕಸ ತೆಗೆದಿದ್ದ. ಈಗ ಅವನಿಗೂ ತಲೆ ಕೆರೆದುಕೊಳ್ಳುವ ಹೊತ್ತು.

ಯಜಮಾನನ ಹೆಂಡತಿ ಕೊರಳಲ್ಲಿ ಅಳತೆಯ ಟೇಪು ನೇತುಹಾಕಿಕೊಂಡು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದಳು. ಅವಳ ಹೊಟ್ಟೆ ತಣ್ಣಗಿತ್ತು.

ಮೆಕ್ಯಾನಿಕ್ ಒಂದು ಲೋಟ ನೀರು ತರಿಸಿ, ಅದರಲ್ಲಿ ಥರ್ಮಾಮೀಟರ್ ಮುಳುಗಿಸಿ ನಡುವಿನ ಅರೆಯಲ್ಲಿಟ್ಟ. "ಬಾಗಿಲು ತೆಗೆದ ತಕ್ಷಣ ಒಳಗಿನ ಗಾಳಿ ಬಿಸಿಯಾಗುತ್ತೆ, ಅದನ್ನ ನಂಬೋ ಹಾಗಿಲ್ಲ. ನೀರಾದ್ರೆ ನಿಧಾನ, ಸರಿಯಾಗಿ ಹೇಳುತ್ತೆ. ಒಂದು ವಾರ ಎರಡೆರಡು ಗಂಟೆಗೆ ನೋಡಿ ಬರೆದಿಡ್ಬೇಕು. ಹಗಲು ಮನೇಲಿ ಯಾರಿರ್ತಾರೆ?"

"ಇವಳಿದಾಳಲ್ಲ," ಎಂದ ಯಜಮಾನ. "ಇವಳಿಗೇನು ಕೆಲಸ?"

ಇಪ್ಪತ್ತೆರಡು ವರ್ಷದಿಂದ ಅವಳು ಆ ಕಿಟಕಿಯ ಬೆಳಕಿನಲ್ಲಿ ಕೂತು ಹೊಲಿದಿದ್ದಳು. ಬೀದಿಯ ಅರ್ಧ ಜನ ಮೈಮೇಲೆ ಹಾಕಿಕೊಂಡು ತಿರುಗುತ್ತಿದ್ದುದು ಅವಳ ಕೈಕೆಲಸವೇ. ಎರಡು ತಿಂಗಳ ಹಿಂದೆ ಎರಡು ದಿನಕ್ಕೆಂದು ಅಕ್ಕನ ಮನೆಗೆ ಹೋಗಿ ಬರುವಷ್ಟರಲ್ಲಿ ಹೊಲಿಗೆ ಮೆಷಿನ್ ಬಚ್ಚಲ ಪಕ್ಕದ ಕಿಟಕಿಯಿಲ್ಲದ ಓಣಿಗೆ ಹೋಗಿತ್ತು. ಅದರ ಜಾಗದಲ್ಲಿ ಕೂಲರ್. ಗಂಡನಿಗೆ ಆಫೀಸಿನಲ್ಲಿ ಬಡ್ತಿ ಸಿಕ್ಕಿತ್ತು, ಗೆಳೆಯರು ಬರುವವರಿದ್ದರು. ಅವರ ಮುಂದೆಯೇ ಅಂದಿದ್ದ: "ಹಾಲ್‌ನಲ್ಲಿ ಚಿಂದಿ ಹರಡ್ಕೊಂಡು ಕೂತ್ರೆ ಬಂದವರಿಗೆ ಏನನ್ನಿಸುತ್ತೆ?" ಗೆಳೆಯರು ನಕ್ಕಿದ್ದರು. ಅವಳೇ ತಿಂಡಿಯ ತಟ್ಟೆ ಹಿಡಿದು ನಿಂತಿದ್ದಳು.

ಓಣಿಯಲ್ಲಿ ಹಗಲಲ್ಲೂ ಬಲ್ಬು ಬೇಕು. ಹಳದಿ ಬೆಳಕಿನಲ್ಲಿ ಕಡುನೀಲಿ ಕೋಟಿಗೆ ಕಪ್ಪು ದಾರ ಹಾಕಿಬಿಟ್ಟಳು. ಒಂಬತ್ತು ವರ್ಷದಿಂದ ಬರುತ್ತಿದ್ದ ಗಿರಾಕಿ ಅದನ್ನು ಮುಖಕ್ಕೆ ಹೊಡೆದ ಹಾಗೆ ವಾಪಸು ಕೊಟ್ಟು ಹೋದಳು, ಮತ್ತೆ ಬರಲಿಲ್ಲ. ಆಮೇಲೆ ಇನ್ನೂ ಇಬ್ಬರು ಬಿಟ್ಟರು. ಹೀಗೇ ಆದರೆ ವರ್ಷ ತುಂಬುವುದರೊಳಗೆ ಮೆಷಿನ್ನಿಗೆ ಬಟ್ಟೆ ಹೊದಿಸಿ ಸುಮ್ಮನಾಗಬೇಕಾದೀತು. ಕೋಟಿನ ಸಂಗತಿ ಕೇಳಿ ಗಂಡ, "ನಿನ್ನ ಕಣ್ಣಿಗೆ ವಯಸ್ಸಾಯ್ತು ಕಣೇ," ಎಂದು ನಕ್ಕ.

ಆ ನಗುವಿನ ಮರುದಿನವೇ ಅವಳು ಕಾಲರಿಗೆ ಹಾಕುವ ಬಕ್ರಂ ಬಟ್ಟೆಯಿಂದ ಬೆರಳಗಲದ ತುಂಡು ಕತ್ತರಿಸಿ, ನಾಲ್ಕು ಮಡಿಕೆ ಮಾಡಿದಳು. ಗಂಡ ಎಂಟೂವರೆಗೆ ಹೊರಟ ಮೇಲೆ ಕೂಲರಿನ ಬಾಗಿಲ ಮೇಲ್ಮೂಲೆಯಲ್ಲಿ ಸಿಕ್ಕಿಸಿ ಮುಚ್ಚುವುದು; ಸಂಜೆ ಐದಕ್ಕೆ ತೆಗೆಯುವುದು. ಬಾಗಿಲು ಮುಚ್ಚಿದಂತೆಯೇ ಕಾಣುತ್ತದೆ, ಗಾಳಿ ಮಾತ್ರ ದಿನವಿಡೀ ಒಳಗೆ ಹೋಗುತ್ತದೆ. ಗಂಡ ಬೆಚ್ಚಗಿನ ಬಿಯರು ಕುಡಿದು ಮುಖ ಹುಳ್ಳಗೆ ಮಾಡುವುದನ್ನು ಅಡುಗೆಮನೆಯಿಂದ ನೋಡುವಾಗ ಅವಳಿಗೆ ಆಗುತ್ತಿದ್ದ ಸುಖ ಅಷ್ಟಿಷ್ಟಲ್ಲ. ಗೆಳೆಯರು ಎರಡನೆಯ ಸಲ ಬಂದಾಗ ಒಬ್ಬ, "ಇದೇನು ಕೂಲರ್ರಾ, ಒಲೇನಾ?" ಎಂದು ಕೇಳಿದ. ಆ ವಾರ ಅವಳಿಗೆ ಒಳ್ಳೆಯ ನಿದ್ದೆ ಬಂತು.

ಈಗ ಬರೆಯುವ ಕೆಲಸವೂ ಅವಳಿಗೇ ಬಂದಿತ್ತು. ಅಳತೆ ಪುಸ್ತಕದಲ್ಲಿ, ಯಾರದೋ ಭುಜ, ಯಾರದೋ ಸೊಂಟದ ಕೆಳಗೆ, ಗೆರೆ ಎಳೆದು ಬರೆದಳು. ಎಂಟಕ್ಕೆ ಐದು ಡಿಗ್ರಿ. ಹತ್ತಕ್ಕೆ ಏಳು. ಹನ್ನೆರಡಕ್ಕೆ ಹತ್ತು. ಎರಡಕ್ಕೆ ಹದಿಮೂರು. ಎಲ್ಲಕ್ಕೂ ಒಂದೇ ಅಂಕಿ ಬರೆದು ಮೆಕ್ಯಾನಿಕ್ಕಿನ ದಾರಿ ತಪ್ಪಿಸಬಹುದಿತ್ತು. ಹಾಗೆಂದುಕೊಂಡೇ ಪೆನ್ಸಿಲ್ ಹಿಡಿದಿದ್ದಳು. ಆದರೆ ಕಾಲಿಂಚು ತಪ್ಪಿ ಬರೆದರೂ ಬಟ್ಟೆ ಕೆಡುವ ಪುಸ್ತಕ ಅದು. ಕಣ್ಣು ಕಂಡದ್ದನ್ನು ಬಿಟ್ಟು ಬೇರೆ ಬರೆಯಲು ಕೈ ಬರಲಿಲ್ಲ. ಒಂದು ವಾರ ಬಕ್ರಂ ಇಡದೆ ಬಿಟ್ಟಿದ್ದರೂ ಆಗುತ್ತಿತ್ತು. ಅದಕ್ಕೂ ಮನಸ್ಸು ಬರಲಿಲ್ಲ.

ಮುಂದಿನ ಸೋಮವಾರ ಮಧ್ಯಾಹ್ನ ಮೆಕ್ಯಾನಿಕ್ ಬರುತ್ತಾನೆಂದು ಗಂಡ ಆಫೀಸಿನ ಅಂಗಿಯಲ್ಲೇ ಓಡಿಬಂದ. ಅಷ್ಟರೊಳಗೆ ಅವಳು ಬಕ್ರಂ ತೆಗೆದು ಓಣಿಯಲ್ಲಿಟ್ಟಿದ್ದಳು. ಮೆಕ್ಯಾನಿಕ್ ಪುಸ್ತಕದ ಮೇಲೆ ಬೆರಳು ಎಳೆಯುತ್ತ ಓದಿದ.

"ಬೆಳಗ್ಗೆ ಐದು. ಆಮೇಲೆ ಏರ್ತಾ ಹೋಗುತ್ತೆ. ಸಂಜೆ ಐದಾದ ಮೇಲೆ ಇಳಿಯುತ್ತೆ. ದಿನಾ ಹೀಗೇ..." ಬೆರಳು ನಿಂತಿತು. "ಭಾನುವಾರ ಮಾತ್ರ ಇಡೀ ದಿನ ಐದು."

"ನಾನು ಮನೇಲಿರ್ತೀನಲ್ಲ, ಅದಕ್ಕೂ ಭಯ!" ಗಂಡ ತನ್ನ ಮಾತಿಗೆ ತಾನೇ ನಕ್ಕ.

ಭಾನುವಾರದ ಬಗ್ಗೆ ಅವಳು ಯೋಚಿಸಿಯೇ ಇರಲಿಲ್ಲ. ಮೆಕ್ಯಾನಿಕ್ ನಗಲಿಲ್ಲ. ಬಾಗಿಲು ತೆಗೆದು ಮೇಲ್ಮೂಲೆಯ ರಬ್ಬರನ್ನು ಹೆಬ್ಬೆರಳಿನಿಂದ ಸವರಿದ. ಹೊಸ ರಬ್ಬರಿನಲ್ಲಿ ಬೆರಳಗಲದ ತಗ್ಗು, ಅದಕ್ಕೆ ಅಂಟಿದ ಬಿಳಿ ಎಳೆ. ಎಳೆಯನ್ನು ಕಿತ್ತು, ಅವಳ ಕೊರಳಿನ ಟೇಪು ನೋಡಿ, ಅವಳ ಮುಖ ನೋಡಿದ. ಆಮೇಲೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಬಿಸಿಲು ಸಾರ್," ಎಂದ. "ಈ ಕಿಟಕಿಯಿಂದ ನೇರ ಬೀಳುತ್ತೆ. ಭಾನುವಾರ ನೀವು ಟೀವಿ ನೋಡೋಕೆ ಪರದೆ ಎಳೆದಿರ್ತೀರೇನೋ. ಕೂಲರ್‌ನ ಇಲ್ಲಿಂದ ತೆಗೆದ್ಬಿಡಿ, ಸರಿಹೋಗುತ್ತೆ."

ಅವಳಿಗೆ ಅವನ ಕೈ ಹಿಡಿದುಕೊಳ್ಳಬೇಕೆನ್ನಿಸಿತು.

"ಅಷ್ಟೇನಾ!" ಎಂದ ಗಂಡ. "ಅದಕ್ಕೆ ಯಾಕ್ರೀ ತೆಗೀಬೇಕು? ದಿನಾ ಪರದೆ ಎಳೆದಿಟ್ರೆ ಆಯ್ತಪ್ಪ." ಹೋಗಿ ಸರ್ರನೆ ಪರದೆ ಎಳೆದ. ಹಾಲ್ ಮಬ್ಬಾಯಿತು. "ಕೇಳಿಸ್ಕೊಂಡ್ಯಾ? ಇನ್ಮೇಲೆ ಈ ಪರದೆ ತೆಗೀಬೇಡ."

ಇಷ್ಟು ದಿನ ಬಾಯಿಗೆ ಹಾಕಿಕೊಂಡಿದ್ದ ಬೀಗ ಅಲ್ಲಿಗೆ ಕಳಚಿತು.

"ಬಿಸಿಲಲ್ಲ. ನಾನು," ಎಂದಳು. ಓಣಿಗೆ ಹೋಗಿ ಬಕ್ರಂ ತುಂಡು ತಂದು ಕೂಲರಿನ ಮೇಲಿಟ್ಟಳು. "ನೀವು ಹೋದ ಮೇಲೆ ಇದನ್ನ ಬಾಗಿಲಿಗೆ ಸಿಕ್ಕಿಸ್ತೀನಿ. ಬರೋದಕ್ಕೆ ಮುಂಚೆ ತೆಗೀತೀನಿ. ಒಂದು ದಿನಾನೂ ತಪ್ಪಿಸಿಲ್ಲ."

"ತಲೆ ಕೆಟ್ಟಿದೆಯಾ ನಿಂಗೆ? ಯಾಕೆ?"

"ನನ್ನ ಕೋಟು ವಾಪಸ್ ಬಂದಾಗ ನೀವು ನಕ್ರಿ. ನಿಮ್ಮ ಬಾಟಲಿ ಬೆಚ್ಚಗಾದಾಗ ನಾನು ನಕ್ಕೆ. ನಗ್ತಾನೇ ಇರ್ತೀನಿ. ಹತ್ತು ರಬ್ಬರ್ ಹಾಕಿಸಿ, ಹೊಸ ಕೂಲರ್ರೇ ತನ್ನಿ. ಬೆಳಗಾದ್ರೆ ನೀವು ಹೊರಟೋಗ್ತೀರ, ನಾನು ಇಲ್ಲೇ ಇರ್ತೀನಿ." ಅವಳ ದನಿ ಏರಲಿಲ್ಲ. "ನನ್ನ ಜಾಗ ನಂಗೆ ಬೇಕು. ಬಿಸಿಲಿನ ನೆಪದಲ್ಲಿ ಬೇಡ. ಕಿತ್ಕೊಂಡವರು ನೀವು, ನೀವೇ ಕೊಡಿ."

ಗಂಡ ಮೆಕ್ಯಾನಿಕ್ಕಿನ ಕಡೆ ತಿರುಗಿದ. "ಏನ್ರೀ ಇದು?"

"ಕೂಲರ್‌ದೇನೂ ತಪ್ಪಿಲ್ಲ ಸಾರ್," ಎಂದ ಮೆಕ್ಯಾನಿಕ್, ಸ್ಕ್ರೂಡ್ರೈವರುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕುತ್ತ. "ಜಾಗ ಬದಲಿಸೋದಾದ್ರೆ ಮೊದಲು ಖಾಲಿ ಮಾಡ್ಬೇಕು. ಆ ಕಡೆ ನಾನು ಹಿಡೀತೀನಿ."

ಅವಳು ಪರದೆ ಸರಿಸಿದಳು. ಗಂಡ ಇಬ್ಬರನ್ನೂ ನೋಡಿದ. ಆಮೇಲೆ ಮಂಡಿಯೂರಿ ಕೂಲರಿನಿಂದ ಬಾಟಲಿಗಳನ್ನು ತೆಗೆಯತೊಡಗಿದ. ಎರಡೂ ಕೈಯಲ್ಲಿ ಒಂದೊಂದು ಹಿಡಿದು ಎದ್ದು ನಿಂತ.

"ಎಲ್ಲಿಡ್ಲಿ?" ಎಂದು ಕೇಳಿದ.

ಅವಳು ಆಗಲೇ ಮೆಷಿನ್ ತರಲು ಓಣಿಯ ಕಡೆ ಹೊರಟಿದ್ದಳು. ಅವನು ಕಿಟಕಿಯ ಬಿಸಿಲಿನಲ್ಲಿ ಹಾಗೇ ನಿಂತಿದ್ದ. ಬಾಟಲಿಗಳ ನೀರು ಮಣಿಕಟ್ಟಿಗೆ ಇಳಿದು ಅಂಗಿಯ ತೋಳನ್ನು ನೆನೆಸುತ್ತಿತ್ತು.