ಗಾಜಿನಾಚೆ ಉಳಿದ ಮಜ್ಜಿಗೆ

ತಿಪಟೂರಿನಲ್ಲಿ ದೇವರ ಪಟಕ್ಕೆ ಕಟ್ಟು ಹಾಕಿಸಬೇಕೆಂದರೆ ಸೌಮ್ಯಳ ಅಂಗಡಿಗೇ ಹೋಗಬೇಕು. ಹದಿನಾಲ್ಕು ವರ್ಷಗಳಿಂದ ಅವಳು ಮನೆದೇವರುಗಳಿಂದ ಹಿಡಿದು ತೀರಿಕೊಂಡ ತಾತಂದಿರವರೆಗೆ ಎಲ್ಲರನ್ನೂ ಗಾಜಿನ ಹಿಂದೆ ಕೂರಿಸಿದ್ದಾಳೆ. ಬೆಂಕಿಯನ್ನು ಗಾಜಿನ ಹಿಂದೆ ಕೂರಿಸುವ ಕೆಲಸ ಸಿಕ್ಕಿದ್ದು ಮಾತ್ರ ಇದೇ ಮೊದಲು.

ಕೆಲಸ ಕೊಟ್ಟವರು ಕೊಬ್ಬರಿ ವರ್ತಕ ವೀರಭದ್ರಯ್ಯ. ತುರುವೇಕೆರೆ ರಸ್ತೆಯಲ್ಲಿ ಅವರ ಹೊಸ ಕಲ್ಯಾಣ ಮಂಟಪ ಏಳುತ್ತಿತ್ತು. ಅಡುಗೆಮನೆಗೂ ಊಟದ ಹಾಲ್‌ಗೂ ನಡುವೆ ಗೋಡೆ ಬೇಡ, ಗಾಜು ಬೇಕು, ನಮ್ಮ ಅಡುಗೆ ಎಷ್ಟು ಮಡಿ ಅಂತ ಉಣ್ಣುವವರಿಗೆಲ್ಲ ಕಾಣಬೇಕು ಎಂಬುದು ಅವರ ಹಟ. ಗಾಜೇ ಬೇಕೆಂದರೆ ಬೆಂಕಿ ತಡೆಯುವ ಗಾಜು ಹಾಕಿಸಿ ಎಂದು ಅಗ್ನಿಶಾಮಕ ಠಾಣೆಯವರು ಕಡ್ಡಿ ಮುರಿದಂತೆ ಹೇಳಿದರು. ಮಾಮೂಲಿ ಗಾಜು ಬೆಂಕಿಯ ಎದುರು ಐದು ನಿಮಿಷವೂ ನಿಲ್ಲುವುದಿಲ್ಲ, ಸಿಡಿದು ಉದುರುತ್ತದೆ, ಹಿಂದೆಯೇ ಹೊಗೆ ನುಗ್ಗುತ್ತದೆ.

ಸೌಮ್ಯ ಒಂದು ಮಾದರಿ ತುಂಡನ್ನು ತರಿಸಿ ಕೊಬ್ಬರಿ ಮಂಡಿಗೆ ಒಯ್ದಳು. ವೀರಭದ್ರಯ್ಯ ಅದನ್ನು ಕಣ್ಣಿನಿಂದ ನೋಡಲೇ ಇಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು, ಬೆರಳ ಗೆಣ್ಣಿನಿಂದ ತಟ್ಟಿದರು, ಮತ್ತೆ ಅಲ್ಲಾಡಿಸಿದರು.

"ಇದ್ರೊಳಗೆ ನೀರೈತಲ್ಲಮ್ಮಾ."

"ನೀರಲ್ಲ ಯಜಮಾನ್ರೇ, ಅಂಟಿನಂಥದ್ದು. ನಾಲ್ಕೈದು ಗಾಜಿನ ಹಾಳೆ, ಒಂದೊಂದ್ರ ಮಧ್ಯೆ ಅದರ ಪದರ. ಬೆಂಕಿ ತಗುಲಿದ್ರೆ ಆ ಕಡೆ ಹಾಳೆ ಬಿರುಕು ಬಿಡುತ್ತೆ, ಒಳಗಿಂದು ಉಬ್ಬಿ ಬೆಳ್ಳಗಾಗುತ್ತೆ. ಶಾಖ ಈ ಕಡೆ ದಾಟಲ್ಲ. ಒಂದು ಗಂಟೆ ತಡೆಯುತ್ತೆ."

"ಏನಾರ ಅನ್ನು. ನೀರಿಂಗಿಲ್ಲ. ಹಸಿ ಮಾಲು. ನಮ್ಮ ಅಟ್ಟದಾಗೆ ಹನ್ನೊಂದು ತಿಂಗ್ಳು ಇಡು, ಒಣಗ್ಲಿ."

ಆ ಸೀಮೆಯಲ್ಲಿ ತೆಂಗಿನಕಾಯಿ ಹನ್ನೊಂದು ತಿಂಗಳು ಅಟ್ಟದಲ್ಲಿ ಕೂತು, ಒಳಗಿನ ನೀರಿಂಗಿ, ಅಲ್ಲಾಡಿಸಿದರೆ ಗಡಗಡ ಅಂದಾಗಲೇ ಉಂಡೆ ಕೊಬ್ಬರಿ ಎನಿಸಿಕೊಳ್ಳುವುದು. ಒಂದು ಹಸಿ ಕಾಯಿ ಸೇರಿಕೊಂಡರೆ ಮೂಟೆಗೆ ಮೂಟೆಯೇ ಬೂಷ್ಟು. ವೀರಭದ್ರಯ್ಯನವರ ಪ್ರಕಾರ ಲೋಕದ ಸಕಲ ವಸ್ತುವಿಗೂ ಇದೇ ಲೆಕ್ಕ. ಅಳಿಯನನ್ನು ನೋಡಿ ಬಂದಾಗಲೂ ಅವರು ಹೇಳಿದ್ದು, ಹುಡುಗ ಇನ್ನೂ ಹಸಿ, ಎಂದೇ.

ಎರಡು ತಿಂಗಳು ಸೌಮ್ಯ ಗಂಟಲು ಹರಿದುಕೊಂಡಳು. ಕೊನೆಗೆ ತಾಳ್ಮೆ ಕೆಟ್ಟು, ಮಾದರಿಯ ತುಂಡನ್ನು ಮಂಡಿಯ ಅಂಗಳದಲ್ಲಿ ನಿಲ್ಲಿಸಿ, ಒಂದು ಕಡೆಯಿಂದ ಗ್ಯಾಸಿನ ಬೆಂಕಿ ಹಿಡಿದು, ಇನ್ನೊಂದು ಕಡೆ ವೀರಭದ್ರಯ್ಯನವರ ಅಂಗೈಯನ್ನೇ ಇಡಿಸಿದಳು. ಗಾಜು ಚಿಟಚಿಟ ಅಂದಿತು, ಬೆಳ್ಳಗೆ ಉಬ್ಬಿತು. ಅಂಗೈ ಹಾಗೇ ಇತ್ತು. ಆ ಕ್ಷಣದಿಂದ ಅವರು ಆ ಗಾಜಿನ ಭಕ್ತರಾಗಿಬಿಟ್ಟರು. ಮದುವೆ ಕರೆಯಲು ಬಂದವರು, ಕೊಬ್ಬರಿ ತಂದವರು, ದಾರಿ ಕೇಳಲು ನಿಂತವರು, ಎಲ್ಲರಿಗೂ ಅದೇ ಪ್ರವಚನ: "ಒಂದು ಗಂಟೆ ಏನೂ ಆಗಕಿಲ್ಲ ಕಣ್ರೀ! ಸೌಮ್ಯಮ್ಮ ಹೇಳವ್ಳೆ!" ತನ್ನ ಮಾತನ್ನು ಊರು ಇಷ್ಟು ನಂಬಿತಲ್ಲ ಎಂದು ಸೌಮ್ಯಳಿಗೆ ಹೆಮ್ಮೆಯಾಯಿತು. ಪಾಪ, ಆಗ ಅವಳಿಗೇನು ಗೊತ್ತಿತ್ತು.

ಮಂಟಪದ ಪ್ರಾರಂಭೋತ್ಸವದ ದಿನ ಮೊದಲ ಪಂಕ್ತಿಗೆ ಇನ್ನೂರು ಎಲೆ ಬಿತ್ತು. ಪಂಕ್ತಿಯ ತಲೆಯಲ್ಲಿ ವೀರಭದ್ರಯ್ಯನವರ ತಾಯಿ, ತೊಂಬತ್ತೊಂದು ವರ್ಷದ ಹೊಂಬಾಳಮ್ಮ. ಆ ಮನೆತನದ ಊಟದಲ್ಲಿ ಹಿರಿಯರು ಏಳುವ ತನಕ ಯಾರೂ ಏಳುವಂತಿಲ್ಲ. ಎದ್ದರೆ ಪಂಕ್ತಿ ಕೆಟ್ಟಂತೆ, ಹಿರಿಯರಿಗೆ ಅವಮಾನ ಮಾಡಿದಂತೆ.

ಸೌಮ್ಯ ಉಣ್ಣಲು ಬಂದವಳಲ್ಲ. ಮೂರನೇ ಸಾಲಿನಲ್ಲಿ ಕೂತಿದ್ದ ಶ್ರೀನಿವಾಸ್ ಅವರ ಮುಖವನ್ನು ಗಾಜಿನ ಪಕ್ಕ ನಿಂತು ಕಾಯುತ್ತಿದ್ದಳು. ಅವರು ಒಂದು ಶಾಲೆಯ ಕಾರ್ಯದರ್ಶಿ. ಹೊಸ ಕಟ್ಟಡದ ಮೆಟ್ಟಿಲಿನ ಪಕ್ಕಕ್ಕೆ ಇದೇ ಗಾಜು ಹಾಕಿಸಬೇಕೆಂದಿದ್ದೇವೆ, ನಿಮ್ಮ ಕೆಲಸ ನೋಡಿ ಇವತ್ತೇ ಹೇಳುತ್ತೇನೆ, ಎಂದಿದ್ದರು. ಆ ಒಂದು ಕೆಲಸ ಸಿಕ್ಕಿದರೆ ಪಟದ ಕಟ್ಟಿನವಳು ಎನ್ನುವ ಹೆಸರು ಹೋಗಿ ಗಾಜಿನ ಸೌಮ್ಯ ಆಗಬಹುದು. ಅವಳಿಗೆ ಹಿಂದಿನ ದಿನದಿಂದ ಅನ್ನ ಸೇರಿರಲಿಲ್ಲ.

ಗಾಜಿನಾಚೆ ಕೆಂಕೆರೆಯ ಅಡುಗೆ ಮೈಲಾರಿ ಬೋಂಡ ಕರಿಯುತ್ತಿದ್ದ. ಗ್ಯಾಸಿನಲ್ಲಿ ಮಾಡಿದ ಅಡುಗೆಗೆ ರುಚಿಯಿಲ್ಲವೆಂದು ಹೊಸ ಒಲೆಯನ್ನು ಮೂಲೆಗೆ ತಳ್ಳಿ, ತೆಂಗಿನ ಚಿಪ್ಪನ್ನೇ ಉರಿಸುತ್ತಿದ್ದ. ಪಕ್ಕದಲ್ಲಿ ಚಿಪ್ಪು, ಮಟ್ಟೆಗಳ ರಾಶಿ. ಗಾಜಿನ ನಡುವೆ ತಾನಾಗಿ ಮುಚ್ಚಿಕೊಳ್ಳುವ ಬಾಗಿಲೊಂದಿತ್ತು. ಬಡಿಸುವವರಿಗೆ ಅಡ್ಡಿಯಾಗುತ್ತದೆಂದು ಅದಕ್ಕೊಂದು ತೆಂಗಿನಕಾಯಿ ಒತ್ತುಕೊಟ್ಟು ತೆರೆದಿಟ್ಟಿದ್ದರು.

ಹೋಳಿಗೆ ಎರಡನೇ ಸುತ್ತು ಬಂದಾಗ ಬಾಣಲೆಯ ಎಣ್ಣೆ ಭಗ್ಗೆಂದಿತು. ಉರಿ ಮಟ್ಟೆಯ ರಾಶಿಗೆ ಹಾರಿತು. ಮೈಲಾರಿಯೂ ಅವನ ಜನರೂ ಹಿಂಬಾಗಿಲಿನಿಂದ ಓಟ ಕಿತ್ತರು. ಒಳಗೆ ಯಾರೂ ಇಲ್ಲವೆಂದು ಕಣ್ಣಾರೆ ಕಂಡ ಮೇಲೆ ಸೌಮ್ಯ ತೆಂಗಿನಕಾಯಿಯನ್ನು ಝಾಡಿಸಿ ಒದ್ದಳು. ಬಾಗಿಲು ಮುಚ್ಚಿಕೊಂಡಿತು. ಕಾಯಿ ಪಂಕ್ತಿಯ ಉದ್ದಕ್ಕೂ ಉರುಳಿ ಹೋಗಿ ವೀರಭದ್ರಯ್ಯನವರ ಕಾಲ ಬಳಿ ನಿಂತಿತು. ಅವರು ಎಡಗೈಯಿಂದ ಎತ್ತಿ, ಕಿವಿಗೆ ಹಿಡಿದು ಅಲ್ಲಾಡಿಸಿ, ಪಕ್ಕಕ್ಕಿಟ್ಟರು.

"ಬೆಂಕಿ! ಎಲ್ಲ ಎದ್ದು ಆಚೆ ನಡೀರಿ!" ಎಂದು ಸೌಮ್ಯ ಕೂಗಿದಳು.

ಯಾರೂ ಏಳಲಿಲ್ಲ. ಇನ್ನೂರು ಜನ ಒಮ್ಮೆ ಗಾಜಿನ ಕಡೆಗೂ ಇನ್ನೊಮ್ಮೆ ಹೊಂಬಾಳಮ್ಮನ ಕಡೆಗೂ ನೋಡಿದರು. ಮುದುಕಿ ಹೋಳಿಗೆಯನ್ನು ಕಾಯಿಹಾಲಿನಲ್ಲಿ ಕಲಸಿಕೊಳ್ಳುತ್ತಿದ್ದಳು.

"ಗಾಬರಿ ಯಾಕಮ್ಮಾ?" ವೀರಭದ್ರಯ್ಯ ನಕ್ಕರು. "ಒಂದು ಗಂಟೆ ಏನೂ ಆಗಕಿಲ್ಲ ಅಂತ ನೀನೇ ಹೇಳಿದ್ಯಲ್ಲ? ಈಗ ಒಂದೂ ಹತ್ತು. ಎರಡೂ ಹತ್ತರ ಗಂಟ ಟೈಮ್ ಐತೆ. ಲೇ, ಅನ್ನ ತರ್ರಲಾ!"

"ಒಂದು ಗಂಟೆ ಇರೋದು ಆಚೆ ಹೋಗೋಕೆ ಯಜಮಾನ್ರೇ, ಉಣ್ಣೋಕಲ್ಲ!"

"ಹೋಗಾಕೆ ಒಂದು ಗಂಟೆ ಯಾಕ್ ಬೇಕು? ಬಾಗ್ಲು ಅಲ್ಲೇ ಐತಲ್ಲ."

ಅಷ್ಟರಲ್ಲಿ ಆಚೆಯ ಹಾಳೆ ಚಿಟ್ಟೆಂದು ಬಿರುಕು ಬಿಟ್ಟಿತು. ಹಾಲ್‌ನಲ್ಲಿ ಜಗಿಯುವ ಸದ್ದು ನಿಂತಿತು. ಉರಿಯ ಎದುರಿಗೆ ಗಾಜು ಮೂಲೆಯಿಂದ ಮೂಲೆಗೆ ಬೆಳ್ಳಗಾಗುತ್ತ ಬಂತು, ಕಾಯಿಹಾಲು ಹರಡಿದ ಹಾಗೆ. ಕೆಂಪು ಮಸುಕಾಗಿ ಮರೆಯಾಯಿತು.

"ನೋಡಿದ್ರಾ! ಹೇಳಿದಂಗೇ ಆಯ್ತು!" ವೀರಭದ್ರಯ್ಯ ಎಡಗೈಯಿಂದ ತೊಡೆ ತಟ್ಟಿದರು. ಇನ್ನೂರು ಎಡಗೈಗಳು ಇನ್ನೂರು ತೊಡೆ ತಟ್ಟಿದವು. ಶ್ರೀನಿವಾಸ್ ಮೊಬೈಲಿನಲ್ಲಿ ಹೊತ್ತು ಗುರುತು ಮಾಡಿಕೊಂಡು, ಸೌಮ್ಯಳತ್ತ ಮೆಚ್ಚುಗೆಯಿಂದ ತಲೆಯಾಡಿಸಿದರು. ಆ ತಲೆಯಾಟಕ್ಕಾಗಿ ಅವಳು ಎರಡು ತಿಂಗಳು ಕಾದಿದ್ದಳು. ಈಗ ಅದಕ್ಕೆ ಬೆನ್ನು ತಿರುಗಿಸಿದಳು.

ಮೈಲಾರಿ ಸುತ್ತು ಹಾಕಿ ಮುಂಬಾಗಿಲಿನಿಂದ ಒಳಗೆ ಬಂದ. ಹುಬ್ಬು ಸುಟ್ಟಿತ್ತು.

"ಸಾರಿಗೆ ಉಪ್ಪು ಸರಿಯಾಗೈತಾ ಯಜಮಾನ್ರೇ?" ಎಂದು ಕೇಳಿದ.

ಸೌಮ್ಯ ಹೊಂಬಾಳಮ್ಮನ ಪಕ್ಕ ಮಂಡಿಯೂರಿ ಕೂತಳು. "ಅಜ್ಜೀ, ನೀವು ಎದ್ರೆ ಎಲ್ಲಾರೂ ಏಳ್ತಾರೆ. ನಿಮ್ಮ ಕಾಲಿಗೆ ಬೀಳ್ತೀನಿ, ಎದ್ದೇಳಿ."

"ಏಳ್ತೀನಿ ಕಣವ್ವ," ಎಂದಳು ಮುದುಕಿ. "ಮಜ್ಜಿಗೆ ಬರ್ಲಿ."

ಮಜ್ಜಿಗೆ ಇಲ್ಲದೆ ಊಟ ಮುಗಿಯುವುದುಂಟೇ? ಸೌಮ್ಯ ಮೈಲಾರಿಯ ಮುಖ ನೋಡಿದಳು. ಮೈಲಾರಿ ಗಾಜಿನ ಮುಖ ನೋಡಿದ. ಕೊಳಗ ತುಂಬ ಮಜ್ಜಿಗೆ, ಒಗ್ಗರಣೆ ಸಮೇತ, ಆಚೆ ಬೆಂಕಿಯ ನಡುವೆ ಕೂತಿತ್ತು. ಇನ್ನೂರು ಜನ ಮುದುಕಿಗಾಗಿ ಕಾಯುತ್ತಿದ್ದರು, ಮುದುಕಿ ಮಜ್ಜಿಗೆಗಾಗಿ ಕಾಯುತ್ತಿದ್ದಳು, ಮಜ್ಜಿಗೆ ಕೊತಕೊತ ಕುದಿಯುತ್ತಿತ್ತು.

"ಅಂಗಡಿಯಿಂದ ಪ್ಯಾಕೆಟ್ ತರಿಸ್ಲಾ ಅಜ್ಜೀ?"

"ಪ್ಯಾಕೆಟ್ಟಿಂದು ನಾನು ಮುಟ್ಟಕಿಲ್ಲ ಬುಡು."

ಹೊರಗೆ ಅಗ್ನಿಶಾಮಕ ವಾಹನದ ಗಂಟೆ ಕೇಳಿಸಿತು. ಸೌಮ್ಯ ಓಡಿ ಹೋಗಿ ನೋಡಿದರೆ, ವಾಹನ ಗೇಟಿನಾಚೆಯೇ ನಿಂತಿದೆ. ಒಳಗಿನ ದಾರಿಯ ತುಂಬ ಕಾರುಗಳು. ಕಾರಿನವರು ಪಂಕ್ತಿಯಲ್ಲಿದ್ದಾರೆ. ಪಂಕ್ತಿಯಲ್ಲಿರುವವರು ಏಳುವುದಿಲ್ಲ. ಕಾರಿನ ಕೀ ಕೊಡಿ, ನಾನೇ ತೆಗೆಸುತ್ತೇನೆ ಎಂದರೆ, ಬಲಗಡೆ ಜೇಬಿನಲ್ಲಿದೆ, ಬಲಗೈ ಎಂಜಲಾಗಿದೆ ಎಂದರು. ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಇವರಿಗೆಲ್ಲ ತಲೆಯಲ್ಲೇ ನೀರಿಂಗಿ ಹೋಗಿದೆ ಎನಿಸಿತು.

ಒಂದೂ ಮೂವತ್ತೆಂಟು. ಗಾಜು ಬಂಡೆಯ ಹಾಗೆ ನಿಂತಿತ್ತು, ಅದರ ಬಗ್ಗೆ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆದರೆ ಗಾಜು ತಡೆಯುವುದು ಗಾಜಿರುವಷ್ಟು ಜಾಗದಲ್ಲಿ ಮಾತ್ರ. ತಲೆಯೆತ್ತಿ ನೋಡಿದಳು. ಚಾವಣಿಯ ಅಂಚಿನ ಸಂದಿನಿಂದ ಹೊಗೆಯ ಸಣ್ಣ ಎಳೆಯೊಂದು ಇಳಿದು, ಹೊಂಬಾಳಮ್ಮನ ನೆತ್ತಿಯ ಮೇಲೆ ತೂಗಾಡುತ್ತಿತ್ತು. ಸೌಮ್ಯ ತೋರಿಸಿ ಕಿರುಚಿದಳು. ಅದು ಒಗ್ಗರಣೆ ಹೊಗೆ ಎಂದು ಯಾರೋ ಅಂದರು.

ಅವಳ ಮಾತನ್ನು ನಂಬಿಯೇ ಇವರು ಸಾಯಲು ಕೂತಿದ್ದರು. ಇವರನ್ನು ಎಬ್ಬಿಸುವ ಮಾತು ಒಂದೇ ಒಂದಿತ್ತು. ಅದು ಯಾವುದೆಂದು ಹೊಳೆದಾಗ ಅವಳ ಕಣ್ಣು ತಾನಾಗಿ ಶ್ರೀನಿವಾಸ್ ಅವರತ್ತ ಹೋಯಿತು. ಅವರು ಹಪ್ಪಳ ಮುರಿಯುತ್ತ ಅವಳತ್ತ ನೋಡಿ ನಕ್ಕರು. ಸೌಮ್ಯ ಖಾಲಿ ಸ್ಟೂಲೊಂದರ ಮೇಲೆ ಹತ್ತಿ ನಿಂತಳು.

"ಯಜಮಾನ್ರೇ, ನಾನು ಸುಳ್ಳು ಹೇಳಿದ್ದೆ! ನೀವು ತಟ್ಟಿ ನೋಡಿ ಹೇಳಿದ್ದೇ ಸರಿ. ಗಾಜು ಹಸಿ ಮಾಲು! ನೀರಿಂಗಿಲ್ಲ!"

ವೀರಭದ್ರಯ್ಯನವರ ಮುಖದಲ್ಲಿ ಭಯದ ಸುಳಿವೇ ಇರಲಿಲ್ಲ, ಗೆದ್ದ ಸಂತೋಷವಿತ್ತು.

"ನಾನು ಅವತ್ತೇ ಹೇಳ್ಲಿಲ್ವಾ! ಈ ಕಿವಿ ಯಾವತ್ತಾರ ತಪ್ಪೈತಾ? ಅವ್ವಾ, ಹಸಿ ಮಾಲಂತೆ ಕಣವ್ವಾ!"

ಎಪ್ಪತ್ತು ವರ್ಷ ಕೊಬ್ಬರಿಯ ಅಟ್ಟದ ಕೆಳಗೆ ಬಾಳಿದ ಹೊಂಬಾಳಮ್ಮ ಕೈಯಲ್ಲಿದ್ದ ತುತ್ತನ್ನು ಎಲೆಗೆ ಬಿಟ್ಟಳು. ಎಲೆ ಮಡಿಸಿದಳು. ಎದ್ದಳು. ಇನ್ನೂರು ಸ್ಟೂಲು ಒಟ್ಟಿಗೆ ಕಿರುಗುಟ್ಟಿದವು. ಎಲ್ಲರೂ ನೆಟ್ಟಗೆ ಕೈ ತೊಳೆಯುವ ನಲ್ಲಿಗೆ ಸಾಲು ನಿಲ್ಲಲು ಹೊರಟರು. ಸೌಮ್ಯ ಬಾಯಿಗೆ ಬಂದಂತೆ ಬೈದು, ತಳ್ಳಿ, ಎಳೆದು ಅವರನ್ನು ಹೊರಗಟ್ಟಿದಳು. ಎಂಜಲು ಕೈಯನ್ನು ಮೇಲೆತ್ತಿಕೊಂಡು ಜನ ಬಯಲಿಗೆ ಬಂದರು, ಕಾರುಗಳು ಸರಿದವು, ವಾಹನ ಒಳಗೆ ಬಂತು. ಹತ್ತು ನಿಮಿಷದಲ್ಲಿ ಹಾಲ್‌ನ ಚಾವಣಿಯ ಒಂದು ಭಾಗ ಕಳಚಿ, ಹೊಂಬಾಳಮ್ಮ ಕೂತಿದ್ದ ಜಾಗದ ಮೇಲೆಯೇ ಬಿತ್ತು.

ಎರಡೂವರೆಗೆ ಬೆಂಕಿ ಆರಿತು. ಅಡುಗೆಮನೆ ಇದ್ದಲಾಗಿತ್ತು. ಗಾಜಿನ ಗೋಡೆ ಮಾತ್ರ ಬೆಳ್ಳಗೆ, ನೆಟ್ಟಗೆ, ಇಟ್ಟ ಜಾಗದಲ್ಲೇ ನಿಂತಿತ್ತು. ಅದರ ಪಕ್ಕದ ಸಾಲಿನ ಎಲೆಗಳಲ್ಲಿ ಹೋಳಿಗೆ ಬಾಡಿರಲೂ ಇಲ್ಲ. ಸೌಮ್ಯಳ ಕಣ್ಣು ತುಂಬಿ ಬಂತು. ಎಂಥ ಗಾಜು ಹಾಕಿದ್ದೆ ನಾನು, ಎಂದುಕೊಂಡಳು.

ಶ್ರೀನಿವಾಸ್ ಹತ್ತಿರ ಬಂದರು. "ನಿಜ ಹೇಳಮ್ಮಾ. ಇದು ಹಸಿ ಮಾಲಾ? ನೋಡಿದ್ರೆ ಹಂಗನ್ನಿಸಲ್ಲ. ಆದ್ರೆ ಇನ್ನೂರು ಜನದ ಎದುರು ನೀನೇ ಹೇಳಿದ್ದೀಯ. ಮಕ್ಕಳ ವಿಷಯ ನೋಡು."

ನಿಜ ಅವಳ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಹಿಂದಿನಿಂದ ವೀರಭದ್ರಯ್ಯನವರ ಗಂಟಲು ಕೇಳಿಸಿತು. ಸುತ್ತ ನೆರೆದವರಿಗೆ ಅವರು ಪಾಠ ಹೇಳುತ್ತಿದ್ದರು.

"ತಪ್ಪಾಗಿದ್ದು ಎಲ್ಲಿ ಅಂದ್ರೆ ಮಜ್ಜಿಗೇಲಿ ಕಣ್ರೀ. ಮುಂದಿನ ಸಲ ಮಜ್ಜಿಗೆ ಕೊಳಗ ಗಾಜಿನ ಈಚೆ ಇಟ್ಕೊಂಡು, ಚೆನ್ನಾಗಿ ಒಣಗಿದ ಗಾಜು ಹಾಕ್ಸಿದ್ರೆ, ಬೆಂಕಿ ಬಿದ್ರೂ ಆರಾಮಾಗಿ ಊಟ ಮುಗಿಸ್ಬೋದು."

ಎಲ್ಲರೂ ಹೌದು ಹೌದು ಎಂದರು. ಸೌಮ್ಯ ನಾಲಿಗೆಯ ತುದಿಯ ನಿಜವನ್ನು ನುಂಗಿಕೊಂಡಳು.

"ಹಸಿನೇ ಸಾರ್," ಎಂದಳು. "ಯಾರೇ ಹಾಕಿದ್ರೂ ಗಾಜೆಲ್ಲ ಹಸಿನೇ ಅಂತ ಮಕ್ಕಳಿಗೆ ಹೇಳ್ಕೊಡಿ. ಬೆಂಕಿ ಅಂದ ತಕ್ಷಣ ಎದ್ದು ಆಚೆ ಓಡ್ಬೇಕು."

ಶ್ರೀನಿವಾಸ್ ಬೇಜಾರಿನಿಂದ ತಲೆಯಾಡಿಸಿ ಹೊರಟುಹೋದರು. ಶಾಲೆಯ ಕೆಲಸವೂ ಅವರ ಜೊತೆಗೆ ಹೋಯಿತು. ನಾಳೆಯಿಂದ ಮತ್ತೆ ಪಟಗಳು, ತಾತಂದಿರು. ಸೌಮ್ಯ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

ಆಗ ಒಳಗೆ ಟಕ್ ಟಕ್ ಎಂದು ಸದ್ದಾಯಿತು. ಹೊಂಬಾಳಮ್ಮ ಅಗ್ನಿಶಾಮಕದವರ ಕಣ್ಣು ತಪ್ಪಿಸಿ ಗಾಜಿನ ಹತ್ತಿರ ಹೋಗಿದ್ದಳು. ಗೆಣ್ಣಿನಿಂದ ತಟ್ಟಿ, ಕಿವಿಯಿಟ್ಟು ಕೇಳಿ, ನಿಧಾನಕ್ಕೆ ಬಂದು ಸೌಮ್ಯಳ ಪಕ್ಕ ಕೂತಳು. ಬಲಗೈಯಲ್ಲಿ ಹೋಳಿಗೆ ಒಣಗಿ ಅಂಟಿಕೊಂಡಿತ್ತು.

"ಒಳ್ಳೆ ಮಾಲು ಕಣವ್ವ," ಎಂದು ಕಿವಿಯಲ್ಲಿ ಹೇಳಿದಳು. "ಏಳೋವಾಗ್ಲೇ ನಂಗೆ ಗೊತ್ತಿತ್ತು. ಯಾರ್ಗೂ ಹೇಳ್ಬ್ಯಾಡ."

ಮುದುಕಿ ಎಂಜಲು ಕೈಯನ್ನು ಮಡಿಲಿಗೆ ತಾಗದಂತೆ ಹಿಡಿದುಕೊಂಡು ಕೇಳಿದಳು:

"ನಿಮ್ಮನೇಲಿ ಮಜ್ಜಿಗೆ ಐತಾ?"