ಪರೀಕ್ಷಿಸಿದವರು

ಇಳಕಲ್ಲಿನ ಶಿವಬಸವ್ವ ಸೀರೆಯ ನೂಲಿಗೆ ಬಣ್ಣ ಹಾಕುವವರು. ಬಣ್ಣದ ನೀರು ಎಷ್ಟು ಕಾದಿದೆ ಎಂಬುದನ್ನು ಹಂಡೆಗೆ ಕೈಯ ಹಿಂಬದಿ ತಾಕಿಸಿಯೇ ಹೇಳಿಬಿಡುತ್ತಾರೆ. ಬಾದಾಮಿಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ಮಾಸ್ತರನಾದ ನಾನು ಆ ಕೈಗೆ ವಿಶ್ರಾಂತಿ ಕೊಡಲು ಹೊರಟೆ.

ನೀರಿನ ಬಿಸಿ ನೋಡಿ ಹಂಡೆಯ ಹೀಟರನ್ನು ತಾನೇ ಹಚ್ಚಿ ಆರಿಸುವ ಪೆಟ್ಟಿಗೆ ಮಾಡಿದೆ. ಒಳಗೆ ಸ್ವಿಚ್ಚಿನ ಕೆಲಸಕ್ಕೆ, ಟಕ್ ಟಕ್ ಎಂದು ಸದ್ದು ಮಾಡದ, ಸವೆಯದ ಸಾಲಿಡ್ ಸ್ಟೇಟ್ ರಿಲೇ. ಹೊರಗೆ ‘ಪರೀಕ್ಷಿಸಿದವರು: ಸಂಕೇತ’ ಎಂದು ನನ್ನ ಹೆಸರಿನ ಚೀಟಿ. ನಿಜ ಹೇಳಬೇಕೆಂದರೆ, ನಾನು ಪರೀಕ್ಷಿಸಿದ್ದು ಹೀಟರಿನ ಬದಲು ಒಂದು ಸಣ್ಣ ಬಲ್ಬ್ ಹಚ್ಚಿ, ಐದೇ ನಿಮಿಷ.

“ಇನ್ನ ಕೈ ಹಚ್ಚಿ ನೋಡೋದು ಬ್ಯಾಡ್ರಿ ಅವ್ವಾರ,” ಎಂದು ಪೆಟ್ಟಿಗೆಯನ್ನು ಹೀಟರಿಗೆ ಜೋಡಿಸಿದೆ.

ಅರ್ಧ ತಾಸಿನ ನಂತರ ಚಹಾ ತಂದ ಶಿವಬಸವ್ವ ರೂಢಿಯಂತೆ ಹಂಡೆ ಮುಟ್ಟಿದರು. ಹಾಗೇ ಪೆಟ್ಟಿಗೆಯನ್ನೂ ಮುಟ್ಟಿದರು.

“ನೀರು ಬರೊಬ್ಬರಿ ಐತ್ರಿ ಸರ. ಈ ಪೆಟಿಗಿಗೇ ಯಾಕೋ ಜ್ವರ ಬಂದಾವ ನೋಡ್ರಿ.”

ನಕ್ಕೆ. ಆಮೇಲೆ ನಾನೂ ಮುಟ್ಟಿದೆ. ಗಡಬಡಿಸಿ ವೈರ್ ಕಿತ್ತು ಮುಚ್ಚಳ ತೆರೆದರೆ, ರಿಲೇ ಕೂತಲ್ಲಿ ಪ್ಲಾಸ್ಟಿಕ್ ಮೆತ್ತಗಾಗಿ ಬಾಗಿತ್ತು. ರಿಲೇಯ ಬಿಸಿ ಎಳೆದುಕೊಳ್ಳುವ ಅಲ್ಯೂಮಿನಿಯಂ ಹೀಟ್ ಸಿಂಕನ್ನೇ ಹಾಕಿರಲಿಲ್ಲ. ವರ್ಷ ವರ್ಷ ಮಕ್ಕಳಿಗೆ ಅದನ್ನೇ ಬರೆಸುವ ಶಹಾಣ್ಯಾ ನಾನು! ಪಕ್ಕದಲ್ಲೇ ಒಣ ನೂಲಿನ ಕಟ್ಟುಗಳು ತೂಗುತ್ತಿದ್ದವು.

“ಬೈರಿ ಅವ್ವಾರ, ನನಗ.”

“ಯಾಕ್ ಬೈಲಿ? ಚಾ ಆರಾಕತ್ತೈತಿ, ಕುಡೀರಿ.”

ಮರುವಾರ ಹೀಟ್ ಸಿಂಕ್ ಹಾಕಿದ ಹೊಸ ಪೆಟ್ಟಿಗೆ ತಂದು, ಅರ್ಧ ತಾಸು ಓಡಿಸಿ, ಅವರ ಕೈಗಾಗಿ ಕಾದೆ. ಅವರು ಮುಟ್ಟಿ ನೋಡಿ, ಆಗಲಿ ಎಂಬಂತೆ ತಲೆಯಾಡಿಸಿದರು. ಆಮೇಲೆಯೇ ಚೀಟಿಯಲ್ಲಿ ನನ್ನ ಹೆಸರು ಹೊಡೆದುಹಾಕಿ ‘ಶಿವಬಸವ್ವ’ ಎಂದು ಬರೆದೆ.